ಜೀಪಿಗೆ ಹೈಡ್ರಾಲಿಕ್ ವಿಂಚ್: ಕೊಳ್ಳುವ ಮೊದಲು ಪಂಪನ್ನು ನೋಡಿ

ಜಡಿಮಳೆ ಹಿಡಿಯಿತೆಂದರೆ ತೋಟದ ಒಳದಾರಿಯಲ್ಲಿ ಜೀಪು ಹೂತುಕೊಳ್ಳುವುದು, ಗಾಳಿಗೆ ಬಿದ್ದ ನೆರಳಿನ ಮರವನ್ನು ದಾರಿಯಿಂದ ಎಳೆದು ಹಾಕಬೇಕಾಗುವುದು ನಮ್ಮ ಸದಸ್ಯರಿಗೆ ಹೊಸದಲ್ಲ. ಇದಕ್ಕಾಗಿ ಜೀಪಿಗೆ ವಿಂಚ್ ಕೂರಿಸುವ ವಿಚಾರವನ್ನು ಹಲವರು ಸಂಘದ ಕಚೇರಿಯಲ್ಲಿ ಕೇಳುತ್ತಿದ್ದಾರೆ. ‘ಬ್ಯಾಟರಿಯದ್ದು ಬೇಡ, ಹೈಡ್ರಾಲಿಕ್ ಹಾಕಿಸಿ, ಬಲ ಹೆಚ್ಚು’ ಎಂಬ ಸಲಹೆಯೂ ಅವರ ಕಿವಿಗೆ ಬಿದ್ದಿರುತ್ತದೆ. ಈ ಮಾತು ಪೂರ್ತಿ ನಿಜವಲ್ಲ. ಖರ್ಚೂ ಸಣ್ಣದಲ್ಲವಾದ್ದರಿಂದ ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ.

ಹೈಡ್ರಾಲಿಕ್ ವಿಂಚಿಗೆ ಸ್ವಂತ ಬಲವೆಂಬುದಿಲ್ಲ. ಎಂಜಿನ್ ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ಒತ್ತುತ್ತದೆ, ಆ ಎಣ್ಣೆ ವಿಂಚಿನ ಮೋಟಾರನ್ನು ತಿರುಗಿಸುತ್ತದೆ. ಎಣ್ಣೆಯ ಒತ್ತಡದಿಂದ ಎಳೆಯುವ ಬಲ ಬರುತ್ತದೆ. ನಿಮಿಷಕ್ಕೆ ಹರಿಯುವ ಎಣ್ಣೆಯಿಂದ ವೇಗ ಬರುತ್ತದೆ. ಉದಾಹರಣೆಗೆ, ಸ್ಟೀರಿಂಗ್ ಪಂಪು 90 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 8 ಲೀಟರ್ ಎಣ್ಣೆ ಕೊಡುತ್ತದೆ ಎಂದಿಟ್ಟುಕೊಳ್ಳಿ. ಎರಡನ್ನೂ ಗುಣಿಸಿ 600ರಿಂದ ಭಾಗಿಸಿದರೆ 1.2 ಕಿಲೋವಾಟ್. ಮೋಟಾರು, ಗೇರುಗಳ ನಷ್ಟ ಕಳೆದು 0.8 ಉಳಿದರೆ, 2000 ಕಿಲೋ ಎಳೆತಕ್ಕೆ ಹಗ್ಗ ನಿಮಿಷಕ್ಕೆ ಸುಮಾರು ಎರಡೂವರೆ ಮೀಟರ್ ಮಾತ್ರ ಸುತ್ತುತ್ತದೆ. 20 ಮೀಟರಿಗೆ ಎಂಟು ನಿಮಿಷ. ವಿಂಚಿನ ಮೇಲೆ ಏನೇ ಬರೆದಿರಲಿ, ಪಂಪು ಕೊಡದಿದ್ದುದನ್ನು ಅದು ಕೊಡಲಾರದು.

ಬ್ಯಾಟರಿಯ ವಿಂಚ್ ಪೂರ್ಣ ಭಾರದಲ್ಲಿ 400 ಆಂಪಿಯರಿನ ಹತ್ತಿರ ಎಳೆಯುವುದುಂಟು. ಆಲ್ಟರ್ನೇಟರ್ ಅದರಲ್ಲಿ ಸಣ್ಣ ಪಾಲನ್ನಷ್ಟೇ ಕೊಡುತ್ತದೆ. ಉಳಿದದ್ದು ಬ್ಯಾಟರಿಯಿಂದಲೇ ಹೋಗಬೇಕು. ಮೋಟಾರೂ ಬೇಗ ಕಾಯುತ್ತದೆ, ಆಗಾಗ್ಗೆ ನಿಲ್ಲಿಸಬೇಕಾಗುತ್ತದೆ. ಹೂತ ಜೀಪನ್ನು ಒಮ್ಮೆ ಮೇಲೆತ್ತಲು ಅದೇ ಚುರುಕು. ಆದರೆ ಬೆಳಗಿನಿಂದ ಸಂಜೆಯವರೆಗೆ ನಾಟಾ ಎಳೆಯಲು ಹೈಡ್ರಾಲಿಕ್ಕೇ ಸರಿ, ನಿಧಾನವಾದರೂ ದಣಿಯುವುದಿಲ್ಲ. ಒಂದು ಕೊರತೆಯನ್ನು ಮರೆಯಬಾರದು. ಹಳ್ಳದ ನೀರಿನಲ್ಲಿ ಎಂಜಿನ್ ನಿಂತುಹೋದರೆ ಹೈಡ್ರಾಲಿಕ್ ವಿಂಚೂ ನಿಂತಂತೆಯೇ.

ಜೋಡಣೆಯಲ್ಲಿ ಎಡವುವುದು ಹೆಚ್ಚಾಗಿ ವಾಲ್ವಿನಲ್ಲಿ. ಸ್ಟೀರಿಂಗ್ ಪಂಪಿನಿಂದಲೇ ಎಣ್ಣೆ ಪಡೆಯುವುದಾದರೆ, ಎಣ್ಣೆ ಮೊದಲು ವಿಂಚಿನ ವಾಲ್ವಿಗೆ, ಅಲ್ಲಿಂದ ಸ್ಟೀರಿಂಗ್ ಬಾಕ್ಸಿಗೆ, ನಂತರ ಡಬ್ಬಕ್ಕೆ ಹೋಗಬೇಕು. ವಿಂಚ್ ನಡೆಯದಿರುವಾಗ ಎಣ್ಣೆಯನ್ನು ತಡೆಯದೆ ಮುಂದಕ್ಕೆ ಬಿಡುವ, ಓಪನ್ ಸೆಂಟರ್ ಎನ್ನುವ ಮಾದರಿಯ ವಾಲ್ವೇ ಆಗಬೇಕು. ಬೇರೆಯದನ್ನು ಹಾಕಿದರೆ ಸ್ಟೀರಿಂಗ್ ಕಲ್ಲಿನಂತಾಗುತ್ತದೆ, ಎಣ್ಣೆ ಕುದಿಯತೊಡಗುತ್ತದೆ. ವಿಂಚಿನ ಪೈಪು ಒಡೆದರೆ ಸ್ಟೀರಿಂಗಿನ ಸಹಾಯವೂ ಹೋಗುತ್ತದೆ; ಘಟ್ಟದ ತಿರುವಿನಲ್ಲಿ ಇದರ ಅರ್ಥವೇನೆಂದು ಹೇಳಬೇಕಾಗಿಲ್ಲ. ಹೊಸ ಗಾಡಿಗಳಲ್ಲಿ ಹಲವಕ್ಕೆ ವಿದ್ಯುತ್ ಸ್ಟೀರಿಂಗ್ ಇರುವುದರಿಂದ ಈ ಪಂಪೇ ಇರುವುದಿಲ್ಲ. ಪವರ್ ಸ್ಟೀರಿಂಗ್ ಇಲ್ಲದ ಹಳೆಯ ಜೀಪಿಗೆ ಬೆಲ್ಟಿನಿಂದಲೋ ಟ್ರಾನ್ಸ್‌ಫರ್ ಕೇಸಿನಿಂದಲೋ ತಿರುಗುವ ಪ್ರತ್ಯೇಕ ಗೇರ್ ಪಂಪು, ಪ್ರತ್ಯೇಕ ಎಣ್ಣೆ ಟ್ಯಾಂಕು, ಫಿಲ್ಟರು, ರಿಲೀಫ್ ವಾಲ್ವ್ ಬೇಕು. ಖರ್ಚು ಹೆಚ್ಚು, ನಿಜ. ಆದರೂ ದಿನಗಟ್ಟಲೆ ಎಳೆಯುವವರಿಗೆ ಇದೇ ಒಳ್ಳೆಯದೆಂಬುದು ನಮ್ಮ ಅಭಿಪ್ರಾಯ.

ವಿಂಚನ್ನು ಬಂಪರಿಗಷ್ಟೇ ಬೋಲ್ಟು ಮಾಡಿ ಕಳುಹಿಸುವ ಗ್ಯಾರೇಜುಗಳಿವೆ. ಒಪ್ಪಬೇಡಿ. ಚಾಸಿಸ್ಸಿನ ಎರಡೂ ಉದ್ದಪಟ್ಟಿಗಳಿಗೆ ದಪ್ಪ ತಗಡು ಕೊಟ್ಟು ಬಿಗಿಯಬೇಕು. ನಮ್ಮ ಮಳೆಗೆ ಹಳೆಯ ಜೀಪಿನ ಮುಂದಿನ ಅಡ್ಡಪಟ್ಟಿ ಒಳಗಿನಿಂದಲೇ ತುಕ್ಕು ಹಿಡಿದಿರುತ್ತದೆ. ಸುತ್ತಿಗೆಯಿಂದ ತಟ್ಟಿ ನೋಡಿಯೇ ಮುಂದುವರಿಯಿರಿ.

ಹಗ್ಗದ ಲೆಕ್ಕವನ್ನೂ ತಿಳಿದಿರಬೇಕು. 64 ಮಿಲಿಮೀಟರಿನ ಡ್ರಮ್ಮಿಗೆ 8 ಮಿಲಿಮೀಟರಿನ ಉಕ್ಕಿನ ಹಗ್ಗ ಸುತ್ತಿದ್ದರೆ, ಮೊದಲ ಪದರದಲ್ಲಿ 3000 ಕಿಲೋ ಎಳೆಯುವ ವಿಂಚು ನಾಲ್ಕನೆಯ ಪದರದಲ್ಲಿ ಎಳೆಯುವುದು ಸುಮಾರು 1800 ಕಿಲೋ. ಆದ್ದರಿಂದ ಹಗ್ಗವನ್ನು ಉದ್ದಕ್ಕೆ ಬಿಚ್ಚಿ ದೂರದ ಮರಕ್ಕೆ ಕಟ್ಟಿರಿ. ಆದರೆ ಡ್ರಮ್ಮಿನ ಮೇಲೆ ಐದು ಸುತ್ತಾದರೂ ಉಳಿಯಲಿ. ಮರಕ್ಕೆ ರಾಟೆ ಕಟ್ಟಿ ಹಗ್ಗದ ತುದಿಯನ್ನು ಜೀಪಿಗೇ ತಂದು ಸಿಕ್ಕಿಸಿದರೆ ಬಲ ಹೆಚ್ಚುಕಡಿಮೆ ಇಮ್ಮಡಿ, ವೇಗ ಅರ್ಧ. ಆಗ ಮರದ ಮೇಲೂ ಇಮ್ಮಡಿ ಭಾರ ಬೀಳುತ್ತದೆ. ಅಡಿಕೆ ಮರಕ್ಕಂತೂ ಕಟ್ಟಲೇಬಾರದು. ಮಳೆಗೆ ನೆಲ ಸಡಿಲವಾದಾಗ ಸಿಲ್ವರ್ ಓಕನ್ನೂ ನಂಬಲಾಗದು. ಬೇರುಬಿಟ್ಟ ಹಳೆಯ ಹಲಸು, ಮತ್ತಿ ಸಿಕ್ಕಿದರೆ ಒಳ್ಳೆಯದು. ಹಗ್ಗವನ್ನು ನೇರವಾಗಿ ಸುತ್ತದೆ ಅಗಲವಾದ ಪಟ್ಟಿ ಬಳಸಿದರೆ ತೊಗಟೆ ಉಳಿಯುತ್ತದೆ.

ಎರಡು ಅಪಾಯಗಳನ್ನು ಕೆಲಸದವರಿಗೆ ನೀವೇ ನಿಂತು ಹೇಳಬೇಕು. ಬಿಗಿದ ಉಕ್ಕಿನ ಹಗ್ಗ ತುಂಡಾದರೆ ಚಾಟಿಯಂತೆ ಬೀಸಿ ಎದುರಿಗಿದ್ದವರನ್ನು ಕೊಲ್ಲಬಲ್ಲದು. ನಡುವೆ ಒದ್ದೆ ಗೋಣಿಚೀಲ ಹೊದಿಸಿ, ಹಗ್ಗದ ಉದ್ದಕ್ಕಿಂತ ದೂರದಲ್ಲಿ ಎಲ್ಲರನ್ನೂ ನಿಲ್ಲಿಸಿ, ಹಗ್ಗ ದಾಟಲು ಯಾರನ್ನೂ ಬಿಡಬೇಡಿ. ಎರಡನೆಯದನ್ನು ಬಲ್ಲವರು ಕಡಿಮೆ. ಒತ್ತಡದ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಾದರೆ ಚಿಮ್ಮುವ ಎಣ್ಣೆ ಚರ್ಮದೊಳಕ್ಕೆ ಹೊಕ್ಕುಬಿಡುತ್ತದೆ. ಗಾಯ ಮುಳ್ಳು ಚುಚ್ಚಿದಷ್ಟೇ ಕಾಣುತ್ತದೆ, ಮೊದಲು ನೋವೂ ಅಷ್ಟಿರುವುದಿಲ್ಲ. ತಡಮಾಡಿದರೆ ಬೆರಳೋ ಕೈಯೋ ಹೋಗಬಹುದು. ಸೋರಿಕೆಯನ್ನು ಕೈಯಿಂದ ಮುಟ್ಟಿ ಹುಡುಕದೆ ರಟ್ಟಿನ ತುಂಡು ಹಿಡಿದು ನೋಡಿ. ಎಣ್ಣೆ ಹೊಕ್ಕಿದ್ದರೆ ಕಟ್ಟುಕಟ್ಟಿ ಕೂರದೆ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ತಕ್ಷಣ ಹೊರಡಿ, ಒತ್ತಡದ ಎಣ್ಣೆಯೆಂದು ವೈದ್ಯರಿಗೆ ತಿಳಿಸಿ.

ಕಾನೂನಿನದೂ ಒಂದು ಮಾತು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಮುಂಭಾಗದ ಕ್ರ್ಯಾಶ್ ಗಾರ್ಡುಗಳ ಮೇಲೆ ಕ್ರಮ ಜರುಗಿಸುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ತಿಳಿಸಿತು. ಗಾಡಿ ರಸ್ತೆಗಿಳಿಯುವುದಾದರೆ ಆರ್‌ಟಿಓ ಕಚೇರಿಯನ್ನೂ ವಿಮಾ ಕಂಪನಿಯನ್ನೂ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ.

ನಾಲ್ಕೈದು ಎಕರೆಯವರಿಗೆ, ವರ್ಷಕ್ಕೆ ಎರಡು ಮೂರು ಸಲ ಜೀಪು ಹೂತುಕೊಳ್ಳುವುದಕ್ಕಾಗಿ ಇಷ್ಟೆಲ್ಲ ಬೇಡವೆಂದೇ ನಾವು ಹೇಳುತ್ತೇವೆ. ಕೈಯಿಂದ ಸನ್ನೆ ಹಾಕಿ ಎಳೆಯುವ ಪುಲ್ಲರ್, ಒಂದು ರಾಟೆ, ಒಂದು ಅಗಲ ಪಟ್ಟಿ ಸಾಕು. ನೆರೆಯ ಮೂರು ಮನೆಯವರು ಸೇರಿ ಕೊಂಡರೂ ನಡೆಯುತ್ತದೆ.