ಲೈಸೆನ್ಸ್ ಉಳಿಯಬೇಕು, ಸತ್ಯವೂ ಉಳಿಯಬೇಕು



ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರು ಗುರುಮನೆಯ ಬಾಗಿಲಲ್ಲಿ ನಿಂತಿದ್ದರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಇದನ್ನು ಬರೆಯುತ್ತಿದ್ದೇನೆ. ಗಂಡ ಬಾಡಿಗೆ ಗಾಡಿಯ ಚಾಲಕರು. ಹಳ್ಳಿಗಳಿಂದ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಸಾಗಿಸಿ ಸಂಸಾರ ಸಾಕುವವರು. ರಾಣೆಬೆನ್ನೂರಿನಲ್ಲಿ ನೆಂಟರ ಮದುವೆಗೆ ಹೋಗಿ, ಕುಡಿದು, ರಾತ್ರಿ ಬೈಕಿನಲ್ಲಿ ಹಾವೇರಿ ಕಡೆಗೆ ಬರುವಾಗ ಪೊಲೀಸರು ನಿಲ್ಲಿಸಿದರು. ಉಸಿರು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಲೈಸೆನ್ಸ್ ಪೊಲೀಸರ ಕೈ ಸೇರಿತು.

“ಫಾದರ್, ಲೈಸೆನ್ಸ್ ಹೋದ್ರ ನಮ್ಮ ಮನಿ ಒಲಿ ಹೊತ್ತೂದಿಲ್ರಿ. ಉಳಿಸ್ಕೊಳ್ಳೋ ದಾರಿ ಏನರ ಐತೇನ್ರಿ?” ಎಂದು ಆ ತಾಯಿ ಕಣ್ಣೀರು ಹಾಕಿದರು.

ಅಷ್ಟರಲ್ಲಿ ಬೇರೆಯವರು ಎರಡು ದಾರಿ ತೋರಿಸಿಯೂ ಆಗಿತ್ತು. ಹಣ ಕೊಟ್ಟರೆ ಎಲ್ಲವನ್ನೂ ಸರಿಪಡಿಸುವುದಾಗಿ ಒಬ್ಬ ಮಧ್ಯವರ್ತಿ ಹೇಳಿದ್ದ. ಅಂದು ಹಿಂದಿನ ಸೀಟಿನಲ್ಲಿ ಕುಳಿತಿದ್ದ, ಕುಡಿಯದ ತಮ್ಮನೇ ಬೈಕ್ ಓಡಿಸುತ್ತಿದ್ದನೆಂದು ಸಾಕ್ಷಿ ಹೇಳಲಿ ಎಂದು ನೆಂಟರೊಬ್ಬರು ಸಲಹೆ ಕೊಟ್ಟಿದ್ದರು. ಇವುಗಳಲ್ಲಿ ಯಾವುದನ್ನು ಹಿಡಿಯಲಿ ಎಂಬುದೇ ಅವರ ಪ್ರಶ್ನೆಯಾಗಿತ್ತು.

ಕಾನೂನು ಏನು ಹೇಳುತ್ತದೆ?

ಮೊದಲು ಕಾನೂನನ್ನು ತಿಳಿಯೋಣ. 1988ರ ಮೋಟಾರು ವಾಹನ ಕಾಯಿದೆಯ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದು ವಾಹನ ಓಡಿಸುವುದು ಅಪರಾಧ. 2019ರ ತಿದ್ದುಪಡಿಯಿಂದ ಶಿಕ್ಷೆ ಹೆಚ್ಚಾಯಿತು. ಮೊದಲ ಸಲ 6 ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಮತ್ತೆ ಅದೇ ತಪ್ಪಾದರೆ 2 ವರ್ಷದವರೆಗೆ ಜೈಲು, ಅಥವಾ 15,000 ರೂಪಾಯಿ ದಂಡ, ಅಥವಾ ಎರಡೂ. ಇದು ರಸ್ತೆಯಲ್ಲೇ ದಂಡ ಕಟ್ಟಿ ಮುಗಿಸುವ ಪ್ರಕರಣವಲ್ಲ, ನ್ಯಾಯಾಲಯಕ್ಕೆ ಹೋಗುತ್ತದೆ.

ಲೈಸೆನ್ಸಿನ ವಿಚಾರ ಇದರ ಜೊತೆಗೇ ಬೇರೆಯಾಗಿ ನಡೆಯುತ್ತದೆ. ಪೊಲೀಸರು ಅದನ್ನು ವಶಪಡಿಸಿಕೊಂಡು ಸಾರಿಗೆ ಅಧಿಕಾರಿಗೆ ಕಳುಹಿಸುತ್ತಾರೆ. ನಿಮಗೊಂದು ರಸೀದಿ ಕೊಡಬೇಕು. ಆದರೆ ಆ ರಸೀದಿ ಹಿಡಿದು ವಾಹನ ಓಡಿಸುವಂತಿಲ್ಲ. ಹಲವರು ಇಲ್ಲಿಯೇ ತಪ್ಪುತ್ತಾರೆ. ಅಧಿಕಾರಿ ನಿಮ್ಮ ಮಾತನ್ನು ಕೇಳಿಯೇ ತೀರ್ಮಾನಿಸಬೇಕು. ತಪ್ಪಿಲ್ಲವೆಂದು ಕಂಡರೆ ಬಿಡಬಹುದು. ತಪ್ಪಿದೆ ಎಂದರೆ ಕಾರಣಗಳನ್ನು ಬರೆದು, ಮೊದಲ ಸಲಕ್ಕೆ 3 ತಿಂಗಳು ಅನರ್ಹಗೊಳಿಸಬಹುದು. ಎರಡನೆಯ ಸಲ ಲೈಸೆನ್ಸನ್ನೇ ರದ್ದುಪಡಿಸಬಹುದು. ಅವಧಿ ಮುಗಿದ ಮೇಲೂ ಚಾಲಕರ ಪುನಶ್ಚೇತನ ತರಬೇತಿ ಮುಗಿಸಿದರೆ ಮಾತ್ರ ಲೈಸೆನ್ಸ್ ಮರಳಿ ಸಿಗುತ್ತದೆ. ಆದೇಶ ಸರಿಯಲ್ಲವೆನಿಸಿದರೆ ಅದು ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ಅಂದರೆ ನೇರವಾದ ದಾರಿ ಇದೆ. ನೋಟಿಸು ಬಂದಾಗ ತಪ್ಪದೆ ಹಾಜರಾಗಿರಿ. ವಕೀಲರನ್ನು ಕಾಣಿರಿ. ಬಡವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಹಾಗೂ ತಾಲೂಕು ಕಾನೂನು ಸೇವಾ ಸಮಿತಿಗಳ ಮೂಲಕ ಉಚಿತ ನೆರವುಂಟು. ಪರೀಕ್ಷೆಯಲ್ಲಿ ನಿಜವಾಗಿ ದೋಷವಿದ್ದರೆ ಅದನ್ನು ಎತ್ತಿ ಹೇಳಿರಿ. ಲೈಸೆನ್ಸೇ ಜೀವನಾಧಾರ, ಇದು ಮೊದಲ ತಪ್ಪು ಎಂಬುದಾದರೆ ಅದನ್ನೂ ವಿನಯದಿಂದ ತಿಳಿಸಿರಿ.

ಧರ್ಮಸಭೆ ಏನು ಹೇಳುತ್ತದೆ?

ನಮ್ಮ ಪ್ರಭು ಕಾನಾ ಊರಿನ ಮದುವೆಯಲ್ಲಿ ನೀರನ್ನು ದ್ರಾಕ್ಷಾರಸವಾಗಿಸಿದರು. ಆದ್ದರಿಂದ ಧರ್ಮಸಭೆ ಪಾನೀಯವನ್ನೇ ಪಾಪವೆನ್ನುವುದಿಲ್ಲ. ಆದರೆ ಕಥೋಲಿಕ ಧರ್ಮೋಪದೇಶ ಗ್ರಂಥದ 2290ನೇ ಪರಿಚ್ಛೇದವು, ಕುಡಿತದಿಂದಾಗಲಿ ಅತಿವೇಗದ ಮೋಹದಿಂದಾಗಲಿ ರಸ್ತೆಯಲ್ಲಿ ತನ್ನ ಮತ್ತು ಪರರ ಪ್ರಾಣವನ್ನು ಅಪಾಯಕ್ಕೆ ಒಡ್ಡುವವರು ಗಂಭೀರ ದೋಷಕ್ಕೆ ಗುರಿಯಾಗುತ್ತಾರೆಂದು ಬೋಧಿಸುತ್ತದೆ. ಅಪಘಾತ ಆಗಲೇಬೇಕೆಂದಿಲ್ಲ, ಅಪಾಯಕ್ಕೆ ಒಡ್ಡಿದರೆ ಸಾಕು. ಇದು ಕೊಲ್ಲಬೇಡ ಎಂಬ ಆಜ್ಞೆಗೆ ಸೇರಿದ ಪಾಠ.

“ಕುಡಿದಾಗ ನನಗ ಖಬರ್ ಇರಲಿಲ್ರಿ ಫಾದರ್,” ಎಂದರು ಆತ. ನೀತಿಶಾಸ್ತ್ರ ಇದಕ್ಕೆ ಉತ್ತರ ಕೊಡುತ್ತದೆ. ಮನೆಗೆ ಗಾಡಿ ಓಡಿಸಿಕೊಂಡು ಹೋಗಬೇಕೆಂದು ತಿಳಿದೂ ಮೊದಲ ಗ್ಲಾಸನ್ನು ಎತ್ತಿದಾಗ ಖಬರ್ ಇತ್ತಲ್ಲವೇ? ಕಾರಣವನ್ನು ಅರಿತು ಆರಿಸಿಕೊಂಡವನು ಅದರ ಪರಿಣಾಮಕ್ಕೂ ಹೊಣೆಗಾರ. ಕುಡಿಯದ ತಮ್ಮ ಜೊತೆಯಲ್ಲೇ ಇದ್ದ. ಆ ರಾತ್ರಿ ಬೈಕಿನ ಕೀ ಅವನ ಕೈಗೆ ಹೋಗಿದ್ದರೆ, ಇಂದು ಅವನಿಂದ ಸುಳ್ಳು ಸಾಕ್ಷಿ ಕೇಳುವ ಗತಿ ಬರುತ್ತಿರಲಿಲ್ಲ.

ನಮ್ಮ ಹೆದ್ದಾರಿ ಎಷ್ಟು ನಿರ್ದಯ ಎಂಬುದು ನಮಗೆ ಗೊತ್ತು. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ನಿಂತಿದ್ದ ಲಾರಿಗೆ ಯಾತ್ರಿಕರ ವಾಹನ ಡಿಕ್ಕಿ ಹೊಡೆದು 13 ಜನ ತೀರಿಕೊಂಡರು. ಆ ದುರಂತವನ್ನು ಕುಡಿತಕ್ಕೆ ಜೋಡಿಸುವುದು ಸಲ್ಲದು. ಆದರೆ ಎಚ್ಚರವಿರುವವರಿಗೇ ಕಠಿಣವಾದ ರಸ್ತೆಯಲ್ಲಿ, ಎಚ್ಚರವನ್ನು ತಾನಾಗಿ ಕಳೆದುಕೊಂಡವನು ಇಳಿದರೆ ಏನಾದೀತು?

ಮೌನ ಹಕ್ಕು, ಸುಳ್ಳು ಹಕ್ಕಲ್ಲ

ಲೈಸೆನ್ಸ್ ಉಳಿಸಿಕೊಳ್ಳಲು ಪ್ರಯತ್ನಿಸುವುದು ಪಾಪವಲ್ಲ. ಆಪಾದಿತನನ್ನು ತನ್ನ ವಿರುದ್ಧವೇ ಸಾಕ್ಷಿ ಹೇಳುವಂತೆ ಬಲವಂತಪಡಿಸಬಾರದೆಂದು ನಮ್ಮ ಸಂವಿಧಾನದ 20(3)ನೇ ವಿಧಿಯೂ ಹೇಳುತ್ತದೆ. ಮೌನವಾಗಿರಬಹುದು, ವಾದಿಸಬಹುದು, ಬೇಡಿಕೊಳ್ಳಬಹುದು. ಆದರೆ ಲಂಚ ಕೊಟ್ಟರೆ ಇನ್ನೊಬ್ಬನನ್ನೂ ಪಾಪಕ್ಕೆ ಎಳೆದಂತೆ. ತಮ್ಮನಿಂದ ಸುಳ್ಳು ಹೇಳಿಸಿದರೆ ಒಬ್ಬನ ತಪ್ಪು ಇಬ್ಬರ ತಪ್ಪಾಗುತ್ತದೆ. ಸುಳ್ಳು ಸಾಕ್ಷಿ ಕಾನೂನಿನಲ್ಲೂ ಅಪರಾಧವೇ.

ಪಾಪನಿವೇದನೆಯಲ್ಲಿ ದೇವರು ಕ್ಷಮಿಸುತ್ತಾರೆ. ಆದರೂ ಕೆಡಿಸಿದ್ದನ್ನು ಸರಿಪಡಿಸುವ ಹೊಣೆ ನಮ್ಮ ಮೇಲೆ ಉಳಿಯುತ್ತದೆ. ಜಕ್ಕಾಯನು ಯೇಸುವನ್ನು ಮನೆಗೆ ಬರಮಾಡಿಕೊಂಡು, ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುವೆನೆಂದ. ಆ 3 ತಿಂಗಳನ್ನು ಶಾಪವೆಂದು ಎಣಿಸದೆ ಪ್ರಾಯಶ್ಚಿತ್ತವೆಂದು ಸ್ವೀಕರಿಸಿದರೆ, ಕಳೆದುಹೋದ ವಿಶ್ವಾಸ ಮನೆಗೆ ಮರಳುತ್ತದೆ.

ಆ ದಂಪತಿಗಳು ಮಧ್ಯವರ್ತಿಯ ಬಳಿ ಹೋಗಲಿಲ್ಲ. ಆತ ಗಾಡಿಯ ಮಾಲೀಕರಿಗೆ ನಿಜ ತಿಳಿಸಿದರು. ಮಾಲೀಕರು ಬೈದರು, ಬೇರೆ ಚಾಲಕನನ್ನು ಇಟ್ಟುಕೊಂಡರು. ಅನರ್ಹತೆ ಮುಗಿಯುವವರೆಗೆ ಆತ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿದರು. ಹೆಂಡತಿ ಹೊಲಿಗೆ ಕೆಲಸ ಹಿಡಿದರು. ಸಾಲವೂ ಆಯಿತು. “ಆದ್ರ ತಮ್ಮನ ಮಾರಿ ನೋಡಾಕ ನಾಚಿಕಿ ಇಲ್ರಿ,” ಎಂದು ಆತ ಹೇಳಿದ್ದು ನನಗೆ ನೆನಪಿದೆ.

ಕುಡಿತ ಚಟವಾಗಿದ್ದರೆ ಅದು ರೋಗವೂ ಹೌದು. ನಾಚಿಕೆ ಬೇಡ. ಧಾರವಾಡದ ಡಿಮ್ಹಾನ್ಸ್ ನಮಗೆ ದೂರವಲ್ಲ, ಗುರುಗಳನ್ನೂ ಕಾಣಿರಿ.

ಮನೆಯಲ್ಲಿ ಕೂಡಿ ಚರ್ಚಿಸಲು

1. ನಮ್ಮ ಮದುವೆ, ನಾಮಕರಣ, ಹಬ್ಬದೂಟಗಳಲ್ಲಿ ಗಾಡಿ ಓಡಿಸಬೇಕಾದವರಿಗೆ ಕುಡಿಯಲು ಒತ್ತಾಯಿಸುತ್ತೇವೆಯೇ?

2. ಕುಡಿದವರ ಕೈಯಿಂದ ಕೀ ಕೇಳಿ ಪಡೆಯುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗಿದೆ?

3. ತಪ್ಪು ಮಾಡಿ ಬಂದವರು ಸುಳ್ಳಿಗೆ ಶರಣಾಗದಂತೆ ನಾವು ಹೇಗೆ ಆಸರೆಯಾಗಬಹುದು?

ಪ್ರಾರ್ಥನೆ: ಓ ಪ್ರಭುವೇ, ನಮ್ಮ ದಾರಿಯಲ್ಲಿ ಎದುರಾಗುವ ಪ್ರತಿಯೊಬ್ಬರೂ ನಿಮ್ಮ ಮಕ್ಕಳೆಂಬುದನ್ನು ನೆನಪಿಸಿರಿ. ಬಿದ್ದಾಗ ಸತ್ಯವನ್ನು ಹಿಡಿದು ಏಳುವ ಬಲವನ್ನು ಕರುಣಿಸಿರಿ. ಆಮೆನ್.