ಮನೆಯೊಳಗಿನ ನೀರುಗಂಟಿ

ಕೆರೆಯ ನೀರನ್ನು ನಂಬಿ ಬೇಸಾಯ ಮಾಡುತ್ತಿದ್ದ ಹಳ್ಳಿಗಳಲ್ಲಿ ನೀರುಗಂಟಿಯೆಂಬ ಸೇವಕನಿರುತ್ತಿದ್ದನು. ತೂಬನ್ನು ತೆರೆಯುವುದು, ಕಾಲುವೆಯನ್ನು ನೋಡಿಕೊಳ್ಳುವುದು, ಸರದಿಯಂತೆ ಗದ್ದೆಗದ್ದೆಗೂ ನೀರು ಹಾಯಿಸುವುದು ಅವನ ಕೆಲಸ. ಅವನು ದಕ್ಷನಾಗಿದ್ದರೆ ಕಟ್ಟಕಡೆಯ ಗದ್ದೆಗೂ ನೀರು ಮುಟ್ಟುತ್ತಿತ್ತು. ಅಲಕ್ಷ್ಯ ಮಾಡಿದರೆ ಕೆರೆ ತುಂಬಿದ್ದರೂ ಪೈರು ಒಣಗುತ್ತಿತ್ತು. ಆದರೆ ಎಂತಹ ನೀರುಗಂಟಿಯೂ ತೂಬಿನಿಂದ ಹೊರಬಂದುದಕ್ಕಿಂತ ಒಂದು ಕೊಡ ನೀರನ್ನೂ ಹೆಚ್ಚಾಗಿ ಹಂಚಲಾರನು.

ಇಂದಿನ ಮನೆಗಳಲ್ಲಿ ರೂಟರ್ ಎಂಬ ಪುಟ್ಟ ಯಂತ್ರವು ಇಂತಹುದೇ ಕೆಲಸವನ್ನು ಮಾಡುತ್ತದೆ. ತಂತಿಯ ಮೂಲಕವೋ ಗಾಜಿನ ಎಳೆಯ ಮೂಲಕವೋ ಮನೆಗೆ ಬರುವ ಅಂತರಜಾಲದ ಮಾಹಿತಿಯನ್ನು ಅದು ರೇಡಿಯೋ ತರಂಗಗಳನ್ನಾಗಿಸಿ ಮೊಬೈಲು, ಕಂಪ್ಯೂಟರುಗಳಿಗೆ ಹಂಚುತ್ತದೆ. ಈ ವ್ಯವಸ್ಥೆಗೆ ವೈ-ಫೈ ಎಂದು ಹೆಸರು. ಇದರ ಮೊದಲ ಶಿಷ್ಟಮಾನವು 1997ರಲ್ಲಿ ಪ್ರಕಟವಾಯಿತು.

ಒಂದು ಮನೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮಗಳು ಒಳಕೋಣೆಯಲ್ಲಿ ಕುಳಿತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಾಳೆ. ಪಾಠವು ನಿಂತು ನಿಂತು ಬರುತ್ತಿದೆ. ತಿಂಗಳಿಗೆ ಇನ್ನಷ್ಟು ಹಣ ತೆತ್ತು ಹೆಚ್ಚು ವೇಗದ ಸಂಪರ್ಕ ಪಡೆಯಲು ತಂದೆ ಸಿದ್ಧನಾಗಿದ್ದಾನೆ. ರೂಟರಿನ ಹೊಂದಿಕೆಗಳನ್ನು ಬದಲಿಸಿದರೆ ಸಾಕೆಂದು ನೆರೆಯವನು ಹೇಳುತ್ತಾನೆ. ಇಬ್ಬರಲ್ಲಿ ಯಾರ ಮಾತು ಸರಿ?

ಇದಕ್ಕೆ ಉತ್ತರವನ್ನು ಊಹೆಯಿಂದಲ್ಲ, ಅಳತೆಯಿಂದ ಪಡೆಯಬೇಕು. ಅಂತರಜಾಲದ ವೇಗವನ್ನು ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು ಅಳೆಯುತ್ತಾರೆ. ಒಂದು ಮೆಗಾಬಿಟ್ ಎಂದರೆ 10 ಲಕ್ಷ ಬಿಟ್. ಆ ಮನೆಯವರು 100 ಮೆಗಾಬಿಟ್ ವೇಗಕ್ಕೆ ಹಣ ಕೊಡುತ್ತಿದ್ದಾರೆ ಎನ್ನೋಣ. ಕಂಪ್ಯೂಟರನ್ನು ಕೇಬಲಿನಿಂದ ರೂಟರಿಗೆ ನೇರವಾಗಿ ಜೋಡಿಸಿ ಅಳೆದಾಗ 95 ಬಂದು, ಒಳಕೋಣೆಯಲ್ಲಿ 10 ಮಾತ್ರ ಬಂದರೆ, ತೂಬಿನಲ್ಲಿ ಕೊರತೆಯಿಲ್ಲ. ದೋಷವು ಮನೆಯೊಳಗಿನ ಕಾಲುವೆಯಲ್ಲಿದೆ. ಕೇಬಲಿನಲ್ಲಿಯೂ 10 ಮಾತ್ರ ಬಂದರೆ, ಮೊದಲು ಕೇಬಲನ್ನು ಬದಲಿಸಿ ನೋಡಿ, ಅನಂತರ ಸೇವೆ ಒದಗಿಸುವವರನ್ನು ವಿಚಾರಿಸಬೇಕು.

ಮನೆಯೊಳಗಿನ ಅಡ್ಡಿಗಳು ಹಲವು. ಕಬ್ಬಿಣದ ಬೀರುವಿನ ಹಿಂದೆ ರೂಟರನ್ನು ಇಟ್ಟರೆ ಲೋಹವು ತರಂಗಗಳನ್ನು ತಡೆಯುತ್ತದೆ. ದಪ್ಪ ಗೋಡೆಗಳು ಅವುಗಳ ಬಲವನ್ನು ಕುಗ್ಗಿಸುತ್ತವೆ. ಆದುದರಿಂದ ಯಾವ ಹೊಂದಿಕೆಯನ್ನೂ ಮುಟ್ಟುವ ಮೊದಲು ರೂಟರನ್ನು ಮನೆಯ ನಡುಭಾಗದಲ್ಲಿ, ಎತ್ತರದಲ್ಲಿ, ಬಯಲಾಗಿ ಇಡುವುದು ಲೇಸು. ಇದಕ್ಕೆ ಬಿಡಿಕಾಸಿನ ಖರ್ಚೂ ಇಲ್ಲ.

ಎರಡನೆಯದು ತರಂಗಪಟ್ಟಿಯ ಆಯ್ಕೆ. ಬಹುಪಾಲು ರೂಟರುಗಳು 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಲ್ಲಿ ಕೆಲಸ ಮಾಡುತ್ತವೆ. ಮೊದಲನೆಯ ಪಟ್ಟಿಯ ತರಂಗವು ಸೆಕೆಂಡಿಗೆ ಸುಮಾರು 240 ಕೋಟಿ ಬಾರಿ ಕಂಪಿಸುತ್ತದೆ. ಅದರ ಉದ್ದ ಸುಮಾರು 12.5 ಸೆಂಟಿಮೀಟರ್. ಅದು ಗೋಡೆಗಳನ್ನು ದಾಟಿ ದೂರ ಹೋಗಬಲ್ಲದು, ಆದರೆ ಅಲ್ಲಿ ದಟ್ಟಣೆ ಹೆಚ್ಚು. ನೆರೆಮನೆಗಳ ರೂಟರುಗಳು ಮಾತ್ರವಲ್ಲದೆ ಮೈಕ್ರೋವೇವ್ ಒಲೆಯೂ ಅದೇ ಪಟ್ಟಿಯಲ್ಲಿ ಗದ್ದಲವೆಬ್ಬಿಸುತ್ತದೆ. ಎರಡನೆಯದು ಗೋಡೆಗೆ ಬೇಗ ಸೋಲುತ್ತದೆ, ಆದರೆ ಹತ್ತಿರದಲ್ಲಿ ಹೆಚ್ಚು ವೇಗ ನೀಡುತ್ತದೆ.

2.4ರ ಪಟ್ಟಿಯಲ್ಲಿ ಹಲವು ಚಾನೆಲುಗಳಿದ್ದರೂ ಅವು ಒಂದರ ಮೇಲೊಂದು ಹಾಯುತ್ತವೆ. 1, 6, 11 ಎಂಬ ಮೂರನ್ನು ಆರಿಸಿದರೆ ಅವು ಪರಸ್ಪರ ಬೆರೆಯುವುದಿಲ್ಲ. ಸುತ್ತಲಿನವರೆಲ್ಲ 6ನ್ನು ಬಳಸುತ್ತಿದ್ದಾಗ 1ಕ್ಕೋ 11ಕ್ಕೋ ಬದಲಾಯಿಸಿದರೆ ಪ್ರಯೋಜನ ಕಾಣಬಹುದು. ಗುಪ್ತಪದವಿಲ್ಲದ ರೂಟರಂತೂ ಕಳ್ಳಗಂಡಿ ಬಿದ್ದ ಕಾಲುವೆಯಂತೆ. ಯಾರು ಬೇಕಾದರೂ ತಮ್ಮ ಕಡೆಗೆ ತಿರುಗಿಸಿಕೊಳ್ಳಬಹುದು. ಬಲವಾದ ಗುಪ್ತಪದವನ್ನಿಡುವುದು ವೇಗಕ್ಕೂ ಹಿತ, ಭದ್ರತೆಗೂ ಹಿತ.

ಕೆಲವು ರೂಟರುಗಳಲ್ಲಿ ಯಾವ ಕೆಲಸಕ್ಕೆ ಮೊದಲ ಸರದಿಯೆಂದು ಗೊತ್ತುಮಾಡುವ ಹೊಂದಿಕೆಯೂ ಉಂಟು. ಮನೆಯಲ್ಲಿ ಒಬ್ಬರು ದೊಡ್ಡ ಚಲನಚಿತ್ರವನ್ನು ಇಳಿಸಿಕೊಳ್ಳುತ್ತಿರುವಾಗ ಮಗಳ ಪಾಠಕ್ಕೆ ಮೊದಲ ಸರದಿ ದೊರೆತರೆ ಪಾಠ ತಡೆಯಿಲ್ಲದೆ ಸಾಗುತ್ತದೆ. ಒಟ್ಟು ವೇಗ ಹೆಚ್ಚಿದುದಲ್ಲ, ಹಂಚಿಕೆ ಸರಿಯಾದುದು. ಒಂದು ಹೊಂದಿಕೆಯಿಂದ 100 ಮೆಗಾಬಿಟ್ಟಿನ ಸಂಪರ್ಕ ಇಮ್ಮಡಿಯಾಗುವುದೆಂದು ಯಾರಾದರೂ ಹೇಳಿದರೆ ನಂಬಲಾಗದು.

ಇಂತಹ ಕೆಲಸದಲ್ಲಿ ಒಂದು ನಿಯಮವನ್ನು ಮರೆಯಬಾರದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಅದೇ ಸ್ಥಳದಲ್ಲಿ, ಆದಷ್ಟು ಅದೇ ಹೊತ್ತಿನಲ್ಲಿ ಮತ್ತೆ ಅಳೆದು ಬರೆದಿಡಬೇಕು. ಫಲ ಕಾಣದಿದ್ದರೆ ಮೊದಲಿನಂತೆಯೇ ಮಾಡಬೇಕು. ಹತ್ತನ್ನು ಒಟ್ಟಿಗೆ ಬದಲಿಸಿದವನಿಗೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂಬುದು ತಿಳಿಯದು.

ಆ ತಂದೆಯ ಮಾತೂ ನೆರೆಯವನ ಮಾತೂ ಅಳತೆಗೆ ಮುಂಚೆ ಬರಿಯ ಊಹೆಗಳೇ. ತೂಬಿನಲ್ಲಿ ನೀರಿದೆಯೇ, ಕಾಲುವೆಯಲ್ಲಿ ಹೂಳಿದೆಯೇ ಎಂದು ನಡೆದು ನೋಡಿದ ಮೇಲೆಯೇ ಜಾಣ ನೀರುಗಂಟಿ ಗುದ್ದಲಿ ಎತ್ತುತ್ತಿದ್ದನು.

ಅಭ್ಯಾಸ

1. ರೂಟರನ್ನು ನೀರುಗಂಟಿಗೆ ಹೋಲಿಸಿರುವುದರ ಔಚಿತ್ಯವೇನು?
2. ದೋಷವು ಮನೆಯ ಒಳಗಿದೆಯೋ ಹೊರಗಿದೆಯೋ ಎಂದು ತಿಳಿಯುವ ಬಗೆ ಹೇಗೆ?
3. ಒಂದು ಸಲಕ್ಕೆ ಒಂದನ್ನೇ ಏಕೆ ಬದಲಿಸಬೇಕು? ನಿತ್ಯಜೀವನದ ಇನ್ನೊಂದು ನಿದರ್ಶನದೊಡನೆ ವಿವರಿಸಿರಿ.