ಮೊದಲ ರೈಫಲ್ ಕೊಳ್ಳುವ ಮುನ್ನ: ಕರಾವಳಿಯವರಿಗೊಂದು ಲೆಕ್ಕ

ಭಟ್ಕಳ, ಹೊನ್ನಾವರ, ಕುಮಟಾ ಕಡೆ ಕೋವಿ ಎಂದರೆ ತೋಟದ ಕೋವಿ. ಮಂಗ, ಹಂದಿ ಬೆದರಿಸಲೆಂದು ಅಜ್ಜನ ಕಾಲದಲ್ಲಿ ಪರವಾನಗಿ ಮಾಡಿಸಿದ್ದು. ಚುನಾವಣೆ ಬಂದಾಗಲೆಲ್ಲ ಪೊಲೀಸ್ ಠಾಣೆಗೆ ಹೋಗಿ ಕೂತು ಬರುವಂಥದ್ದು. ಗುರಿಕ್ರೀಡೆಯ ರೈಫಲ್ ಬೇರೆಯದೇ ಜಾತಿ. ಮನೆಯ ಹುಡುಗನೋ ಹುಡುಗಿಯೋ ಟಿವಿಯಲ್ಲಿ ಶೂಟಿಂಗ್ ನೋಡಿ ‘ನನಗೂ ಕಲಿಯಬೇಕು’ ಅಂದರೆ ಅಪ್ಪ ಮೊದಲು ಕೇಳುವುದು ‘ಎಷ್ಟಾಗುತ್ತದೆ?’ ಎಂದು. ಅದಕ್ಕೆ ಉತ್ತರ ಸಿಗುವುದು ಐದನೇ ಹಂತದಲ್ಲಿ.

ಹಂತ 1: ಯಾವ ಆಟ ಎಂದು ತೀರ್ಮಾನಿಸಿ

ಹೊಸಬರಿಗೆ ನನ್ನ ಮಟ್ಟಿಗೆ ಇರುವುದು ಒಂದೇ ಆಯ್ಕೆ, 10 ಮೀಟರ್ ಏರ್ ರೈಫಲ್. .22 ರೈಫಲ್‌ಗೆ ಪರವಾನಗಿ ಬೇಕು, ಅರ್ಜಿ ಹಿಡಿದು ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ ಅಲೆಯಬೇಕು, ಸಿಕ್ಕ ಮೇಲೂ ಹೊಡೆಯಲು ರೇಂಜ್ ಹುಡುಕಬೇಕು. ಕೊಡವರಿಗಿರುವ ಪರವಾನಗಿ ವಿನಾಯಿತಿ ನಮಗಿಲ್ಲ. ಏರ್ ರೈಫಲ್ ಹಾಗಲ್ಲ: ನಳಿಗೆಯ ಒಳವ್ಯಾಸ 4.5 ಮಿ.ಮೀ. ಮೀರದೆ, ಶಕ್ತಿ 20 ಜೌಲ್ ದಾಟದೆ ಇದ್ದರೆ 2016ರ ಶಸ್ತ್ರಾಸ್ತ್ರ ನಿಯಮಗಳಂತೆ ಪರವಾನಗಿ ಬೇಡ. ಸ್ಪರ್ಧೆಯ ರೈಫಲ್‌ನ ಶಕ್ತಿ ಸುಮಾರು ಏಳೂವರೆ ಜೌಲ್ ಅಷ್ಟೆ. ದೊಡ್ಡವರ ಹೆಸರಿನಲ್ಲಿ, ಗುರುತಿನ ದಾಖಲೆ ಕೊಟ್ಟು ಕೊಳ್ಳಿ. ಬಿಲ್ಲಿನ ಪ್ರತಿ ಚೀಲದಲ್ಲೇ ಇರಲಿ.

ಇದೇನು ಮಕ್ಕಳಾಟವೇ ಎನ್ನುವವರಿಗೆ ಒಂದು ಮಾತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದರಲ್ಲೇ. ಬೆಂಗಳೂರಿನ ತಿಲೋತ್ತಮಾ ಸೇನ್ 2023ರಲ್ಲಿ, ಇನ್ನೂ ಶಾಲೆಯಲ್ಲಿದ್ದಾಗಲೇ, ಚಾಂಗ್ವಾನ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದು ದೇಶಕ್ಕೆ ಒಲಿಂಪಿಕ್ ಕೋಟಾ ತಂದದ್ದೂ ಇದರಲ್ಲೇ. ಗುರಿಹಾಳೆಯ ನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್. ಸಾಸಿವೆ ಕಾಳಿಗಿಂತ ಸಣ್ಣದು.

ಹಂತ 2: ಜಾಗ ನೋಡಿ

ರೈಫಲ್‌ಗಿಂತ ಮೊದಲು ಹತ್ತು ಮೀಟರ್ ಉದ್ದದ ಜಾಗ ಬೇಕು. ನಮ್ಮಲ್ಲಿ ಅದಕ್ಕೆ ಬರವಿಲ್ಲ, ಉದ್ದ ಜಗಲಿಯೋ ಅಡಿಕೆ ಒಣಗಿಸುವ ಮಾಡೋ ಸಾಕು. ಗುರಿಹಾಳೆಯ ನಡು ನೆಲದಿಂದ 1.4 ಮೀಟರ್ ಎತ್ತರದಲ್ಲಿರಲಿ. ಚೀರೆಕಲ್ಲಿನ ಗೋಡೆ ಹಿಂದಿದೆಯಲ್ಲ ಎಂದು ಬರೀ ಗೋಡೆಗೆ ಹೊಡೆಯಬೇಡಿ, ಪೆಲೆಟ್ ಚಿಮ್ಮಿ ವಾಪಸು ಬರುತ್ತದೆ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಹಿಂದಿನ ತಗಡು ಕೆಳಕ್ಕೆ ಓರೆಯಾಗಿರುವ ಉಕ್ಕಿನ ಡಬ್ಬಿಯೊಂದನ್ನು ಮಾಡಿಸಿ, ಗೋಡೆ ಅದರ ಹಿಂದಿರಲಿ. ಗುರಿಯ ದಿಕ್ಕಿಗೆ ಬಾಗಿಲು, ಕಾಲುದಾರಿ ಇರಕೂಡದು. ಕಣ್ಣಿಗೆ ಕನ್ನಡಕ ಬೇಕು. ಪೆಲೆಟ್ ಸೀಸದ್ದು, ಆದ್ದರಿಂದ ಕೈ ತೊಳೆಯದೆ ತಿಂಡಿ ಮುಟ್ಟಬಾರದು.

ಹಂತ 3: ಕೊಳ್ಳುವ ಮೊದಲು ಬೇರೆಯವರದನ್ನು ಹಿಡಿದು ನೋಡಿ

ಹುಬ್ಬಳ್ಳಿ, ಮಂಗಳೂರು ಕಡೆ ರೇಂಜ್‌ಗಳಿವೆ. ಬೆಂಗಳೂರಿಗೆ ಹೋಗುವುದಾದರೆ ರಾತ್ರಿಯ ಪಂಚಗಂಗಾ ರೈಲು ಇದ್ದೇ ಇದೆ. ಎರಡು ಮೂರು ಬಗೆಯ ರೈಫಲ್ ಹಿಡಿದು, ಕೋಚ್ ಎದುರು ಹೊಡೆದು ಬನ್ನಿ. ಯಾವ ಕಣ್ಣು ಪ್ರಧಾನ ಎಂದು ಅಲ್ಲೇ ಪರೀಕ್ಷಿಸಿಕೊಳ್ಳಿ. ಎಡಗೈಯವರಿಗೆ ಬಲಗೈ ರೈಫಲ್ ಕೊಟ್ಟು ‘ರೂಢಿಯಾಗುತ್ತದೆ’ ಎನ್ನುವವರ ಮಾತು ಕೇಳಬೇಡಿ. ನಿಯಮದಲ್ಲಿ ರೈಫಲ್ ಐದೂವರೆ ಕಿಲೋ ತನಕ ಇರಬಹುದು; ಹನ್ನೆರಡು ವರ್ಷದ ಹುಡುಗಿಗೆ ಅಷ್ಟು ಭಾರ ಹೊರಿಸಿದರೆ ಮೊದಲು ಕೆಡುವುದು ಬೆನ್ನು. ಹಿಡಿಯ ಉದ್ದ ಮತ್ತು ಕೆನ್ನೆಪಟ್ಟಿಯ ಎತ್ತರ ಹೊಂದಿಸಲು ಬರುತ್ತದೆಯೇ ಎಂಬುದು ಬ್ರ್ಯಾಂಡ್‌ಗಿಂತ ಮುಖ್ಯ.

ಹಂತ 4: ಸ್ಪ್ರಿಂಗೋ, ಪಿಸಿಪಿಯೋ?

ಸ್ಪ್ರಿಂಗ್ ರೈಫಲ್‌ಗೆ ನಳಿಗೆ ಮಡಚಿ ಸ್ಪ್ರಿಂಗ್ ಏರಿಸಿದರೆ ಸಾಕು, ಬೇರೆ ಖರ್ಚಿಲ್ಲ. ಆದರೆ ಕುದುರೆ ಒತ್ತಿದಾಗ ಒಳಗಿನ ಪಿಸ್ಟನ್ ಓಡುವುದರಿಂದ ರೈಫಲ್ ಹಿಂದೆ ಮುಂದೆ ಜಗ್ಗುತ್ತದೆ. ಪೆಲೆಟ್ ಇಲ್ಲದೆ ಖಾಲಿ ಹೊಡೆದರೆ ಸೀಲ್ ಹಾಳು. ಪಿಸಿಪಿ, ಅಂದರೆ ಮೊದಲೇ ಒತ್ತಿ ತುಂಬಿದ ಗಾಳಿಯ ರೈಫಲ್, ಅಲುಗುವುದೇ ಇಲ್ಲ ಎನ್ನಬಹುದು. ಒಲಿಂಪಿಕ್ಸ್‌ನಲ್ಲಿ ಎಲ್ಲರ ಕೈಯಲ್ಲಿರುವುದು ಇದೇ.

ಪಿಸಿಪಿಗೆ 200 ಬಾರ್ ಒತ್ತಡದ ಗಾಳಿ ಬೇಕು, ಹೊಸ ಮಾದರಿಗಳಿಗೆ 300. ಅದು ಟೈರ್ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಆದರೆ ನಮ್ಮ ಕರಾವಳಿಗೆ ಇಲ್ಲೊಂದು ಅನುಕೂಲವಿದೆ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್ ಕರೆದೊಯ್ಯುವವರು ಬಳಸುವುದೂ ಸುಮಾರು 200 ಬಾರ್‌ನ ಶುದ್ಧ, ಒಣ ಗಾಳಿಯನ್ನೇ. ಪರೀಕ್ಷೆಯ ಮುದ್ರೆ ಇರುವ ಡೈವಿಂಗ್ ಸಿಲಿಂಡರ್ ಒಂದನ್ನು ಮಾಡಿಕೊಂಡು, ಅಲ್ಲಿ ತುಂಬಿಸಿಕೊಡುತ್ತಾರೆಯೇ ವಿಚಾರಿಸಿ, ಅಡಾಪ್ಟರ್ ಬೇಕಾಗುತ್ತದೆ. ಮಳೆಗಾಲದಲ್ಲಿ ಡೈವಿಂಗ್ ಬಂದ್. ಆದರೆ 12 ಲೀಟರಿನ ತುಂಬಿದ ಸಿಲಿಂಡರ್ ಮನೆಯಲ್ಲಿದ್ದರೆ ರೈಫಲ್‌ನ ಪುಟ್ಟ ಸಿಲಿಂಡರನ್ನು ಮಳೆಗಾಲವಿಡೀ ತುಂಬಿಕೊಳ್ಳಬಹುದು. ಕೈಪಂಪ್ ಅಗ್ಗ ನಿಜ. ಆದರೆ ಜುಲೈ ತಿಂಗಳ ನಮ್ಮ ಗಾಳಿಯನ್ನು ಅದರಲ್ಲಿ ಒತ್ತಿದರೆ ನೀರನ್ನೂ ಒತ್ತಿದಂತೆ, ಒಳಗೆ ತುಕ್ಕು. ಆಮ್ಲಜನಕವನ್ನಂತೂ ಯಾವ ಕಾರಣಕ್ಕೂ ತುಂಬಕೂಡದು, ಸ್ಫೋಟವಾದೀತು.

ಅಂಗಡಿಯವರು ‘ಸಾವಿರ ಎಫ್‌ಪಿಎಸ್’ (ಸೆಕೆಂಡಿಗೆ ಸಾವಿರ ಅಡಿ) ಎಂದು ವೇಗ ಹೇಳಿ ಮರುಳು ಮಾಡುತ್ತಾರೆ. ಸ್ಪರ್ಧೆಯ ರೈಫಲ್‌ನ ವೇಗ ಸೆಕೆಂಡಿಗೆ ಸುಮಾರು 170 ಮೀಟರ್, ಅಂದರೆ ಅವರು ಹೇಳಿದ್ದರ ಅರ್ಧದ ಆಸುಪಾಸು. ವೇಗ ಹೆಚ್ಚಿದಷ್ಟೂ ಜಗ್ಗಾಟ ಹೆಚ್ಚು. ದುರ್ಬೀನೂ ಬೇಡ, 10 ಮೀಟರ್ ಸ್ಪರ್ಧೆಯಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಸೀಳಿನ ಮೂಲಕ ಗುರಿ ನೋಡುವ ಓಪನ್ ಸೈಟ್‌ನಲ್ಲಿ ಶುರುಮಾಡಿ, ಆಮೇಲೆ ಸಣ್ಣ ತೂತಿನ ಮೂಲಕ ನೋಡುವ ಪೀಪ್ ಸೈಟ್‌ಗೆ ಹೋಗಿ. ರಾಜ್ಯ ಮಟ್ಟದಲ್ಲಿ ಓಪನ್ ಸೈಟ್‌ಗೂ ಪ್ರತ್ಯೇಕ ವಿಭಾಗವಿದೆ.

ಹಂತ 5: ದುಡ್ಡು

ಬೆಲೆಗಳು ಅಂದಾಜು, ಯೂರೋ ಏರಿದರೆ ಇವೂ ಏರುತ್ತವೆ. ದೇಶೀ ಸ್ಪ್ರಿಂಗ್ ರೈಫಲ್ 10ರಿಂದ 20 ಸಾವಿರ. ಬಳಸಿದ ಜರ್ಮನ್ ಪಿಸಿಪಿ, ಅಂದರೆ ವಾಲ್ಥರ್, ಫೈನ್‌ವೆರ್ಕ್‌ಬಾವ್ ಮುಂತಾದವು, ಲಕ್ಷದಿಂದ ಒಂದೂವರೆ ಲಕ್ಷ. ಹೊಸದಾದರೆ ಎರಡರಿಂದ ಮೂರೂವರೆ ಲಕ್ಷ.

ಹೆಚ್ಚಿನವರು ಸೋಲುವುದು ಇಲ್ಲೇ: ಇದ್ದದ್ದನ್ನೆಲ್ಲ ರೈಫಲ್‌ಗೆ ಸುರಿದು ಪೆಲೆಟ್‌ಗೆ ಕೈಚಾಚುತ್ತಾರೆ. ವಾರಕ್ಕೆ ಐದು ದಿನ, ದಿನಕ್ಕೆ 60 ಗುಂಡು ಎಂದರೂ ತಿಂಗಳಿಗೆ 1,200 ದಾಟುತ್ತದೆ. 500ರ ಡಬ್ಬಿಗೆ ಸಾವಿರ ರೂಪಾಯಿಯ ಆಸುಪಾಸು ಹಿಡಿದರೆ ತಿಂಗಳಿಗೆ ಎರಡೂವರೆ ಸಾವಿರ, ವರ್ಷಕ್ಕೆ ಮೂವತ್ತು ಸಾವಿರ. ಅದರ ಮೇಲೆ ಬಸ್ಸು, ರೈಲು, ಕೋಚ್ ಫೀಸು, ಸ್ಪರ್ಧೆಯ ಶುಲ್ಕ. ಮುಂದೆ ದಪ್ಪ ಕ್ಯಾನ್ವಾಸಿನ ಜಾಕೆಟ್, ಪ್ಯಾಂಟು, ಅದಕ್ಕೆ ಇಪ್ಪತ್ತು ಮೂವತ್ತು ಸಾವಿರ. ಹಾಗಾಗಿ ನನ್ನ ಲೆಕ್ಕ ಇಷ್ಟೇ: ಮೊದಲ ವರ್ಷದ ಒಟ್ಟು ಹಣದಲ್ಲಿ ರೈಫಲ್‌ನ ಪಾಲು ಅರ್ಧ ಮೀರಬಾರದು. ಐವತ್ತು ಸಾವಿರ ಇದ್ದವರು ಸ್ಪ್ರಿಂಗ್ ರೈಫಲ್ ಕೊಳ್ಳಿ. ಒಂದು ವರ್ಷ ದಾಟಿಯೂ ಮಗು ತಾನಾಗಿ ಅಭ್ಯಾಸಕ್ಕೆ ನಿಂತರೆ ಬಳಸಿದ ಪಿಸಿಪಿ ಹುಡುಕಿ. ಮೂರು ಲಕ್ಷದ ಹೊಸ ರೈಫಲ್ ಮೊದಲ ವರ್ಷ ಯಾರಿಗೂ ಬೇಡ, ಹಣವಿದ್ದವರಿಗೂ.

ಹಂತ 6: ಹಳೆಯ ಪಿಸಿಪಿಯನ್ನು ಪರೀಕ್ಷಿಸುವ ಬಗೆ

ಮೊದಲು ಸಿಲಿಂಡರ್ ಮೇಲೆ ಕೊರೆದ ತಯಾರಿಕೆಯ ದಿನಾಂಕ ಓದಿ. ಸಾಮಾನ್ಯವಾಗಿ ಹತ್ತು ವರ್ಷ ಅದರ ಆಯಸ್ಸು, ಅವಧಿ ಮುಗಿದದ್ದನ್ನು ಸ್ಪರ್ಧೆಗೆ ಬಿಡುವುದಿಲ್ಲ. ಹೊಸ ಸಿಲಿಂಡರ್‌ನ ಬೆಲೆಯನ್ನು ಚೌಕಾಶಿಯಲ್ಲಿ ಕಳೆಯಿರಿ. ಸಂಜೆ ಗಾಳಿ ತುಂಬಿಸಿ ಮಾಪಕದ ಮುಳ್ಳಿನ ಫೋಟೋ ತೆಗೆದುಕೊಳ್ಳಿ, ಬೆಳಿಗ್ಗೆ ಮತ್ತೆ ನೋಡಿ. ಮುಳ್ಳು ಎದ್ದು ಕಾಣುವಷ್ಟು ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಆಮೇಲೆ ರೈಫಲನ್ನು ಬಟ್ಟೆ ಸುತ್ತಿ ವೈಸ್‌ಗೆ ಕಚ್ಚಿಸಿ, ಒಳ್ಳೆಯ ಮ್ಯಾಚ್ ಪೆಲೆಟ್‌ನಿಂದ ಹತ್ತು ಮೀಟರಿನಲ್ಲಿ ಐದು ಗುಂಡು ಹೊಡೆಯಿರಿ. ಐದೂ ಸೇರಿ ಒಂದೇ ತೂತು, ಪೆಲೆಟ್‌ಗಿಂತ ಚೂರೇ ದೊಡ್ಡದು ಆಗಬೇಕು. ಚದುರಿದರೆ ಬೇರೆ ಕಂಪನಿಯ ಪೆಲೆಟ್ ಹಾಕಿ ನೋಡಿ, ಆಗಲೂ ಚದುರಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಹಂತ 7: ಉಪ್ಪುಗಾಳಿಗೆ ತಯಾರಿ

ಮರದ ಹಿಡಿ ನೋಡಲು ಚಂದ, ಆದರೆ ನಮ್ಮ ಮಳೆಗೆ ಉಬ್ಬುತ್ತದೆ. ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್ ಹಿಡಿ ಇರಲಿ. ಬೆವರಿನ ಕೈ ತಾಗಿದ ಕಬ್ಬಿಣವನ್ನು ಅಂದಂದೇ ಎಣ್ಣೆಬಟ್ಟೆಯಲ್ಲಿ ಒರೆಸಿ. ಗಾಳಿ ತುಂಬುವ ಬಾಯಿಗೆ ಮಾತ್ರ ಎಣ್ಣೆ ಸೋಕಿಸಬೇಡಿ, ಒತ್ತಡದಲ್ಲಿ ಅದು ಹೊತ್ತಿಕೊಳ್ಳಬಹುದು. ಮಳೆಗಾಲದಲ್ಲಿ ಸ್ಪಂಜಿನ ಪೆಟ್ಟಿಗೆಯಲ್ಲಿಟ್ಟರೆ ಸ್ಪಂಜು ಪಸೆ ಹೀರಿ ರೈಫಲ್‌ಗೆ ಮೆತ್ತುತ್ತದೆ. ಸಿಲಿಕಾ ಜೆಲ್ ಹಾಕಿದ ಕಬ್ಬಿಣದ ಕಪಾಟಿನಲ್ಲಿ, ಬೀಗ ಹಾಕಿ ಇಡಿ. ಬೀಗ ಯಾಕೆಂದರೆ, ಮನೆಗೆ ಬಂದ ಹುಡುಗರ ಕಣ್ಣು ಮೊದಲು ಬೀಳುವುದು ಅದರ ಮೇಲೆ, ಆಮೇಲೆ ಗಿಡದ ಮೇಲಿನ ಹಕ್ಕಿಯ ಮೇಲೆ. ಕಾಡುಹಕ್ಕಿಗೆ ಏರ್‌ಗನ್‌ನಿಂದ ಹೊಡೆದರೂ 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ.

ಕೊಳ್ಳುವುದಾದರೆ ಅಕ್ಟೋಬರ್‌ನಲ್ಲಿ ಕೊಳ್ಳಿ. ಡೈವಿಂಗಿನವರೂ ಆಗಲೇ ಶುರು ಮಾಡಿರುತ್ತಾರೆ, ಮುಂದಿನ ಮಳೆಗೆ ಏಳೆಂಟು ತಿಂಗಳು ಸಿಗುತ್ತದೆ.